ಘಾಟಿ ಇಳಿಯುವಾಗ ಬರುವ ತಣ್ಣನೆಯ ಗಾಳಿ

ಡೊಂಬಿವಲಿಯ ಕನ್ನಡದವರು ಗುಂಡಣ್ಣನನ್ನು ಮೊದಲು ಕಂಡದ್ದು, ನಮ್ಮ ಕನ್ನಡ ಶಾಲೆಯ ಪ್ರವಾಸದ ಬಸ್ಸು ಶಿಳಫಾಟಾದ ತಿರುವಿನಲ್ಲಿ ಆವಿಯುಗುಳಿ ನಿಂತುಬಿಟ್ಟ ದಿನ. ಫೆಬ್ರವರಿಯಾದರೂ ಬಿಸಿಲು ಚುರುಗುಟ್ಟುತ್ತಿತ್ತು. ಮಕ್ಕಳು ತಂದ ನೀರನ್ನೆಲ್ಲ ಕುಡಿದು ಮುಗಿಸಿ ಗಲಾಟೆ ಎಬ್ಬಿಸಿದ್ದರು. ಶಿಕ್ಷಕರು ಒಂದು ಟ್ರಕ್ಕಿನ ನೆರಳಿನಲ್ಲಿ ನಿಂತು ಬೆವರು ಒರಸಿಕೊಳ್ಳುತ್ತಿದ್ದರು. ಆಗ ಸ್ಕೂಟರಿನಲ್ಲಿ ಹೋಗುತ್ತಿದ್ದ ಗಿಡ್ಡ ಮೈಕಟ್ಟಿನ ಮನುಷ್ಯನೊಬ್ಬ ತಿರುಗಿ ಬಂದು ನಿಂತ.

"ಯಾರ್ರೀ ಇದರಾಗ ಕನ್ನಡದವ್ರು? ಬಸ್ಸಿನ ತುಂಬ ಕನ್ನಡ ಕೇಳಿಸ್ಲಿಕತ್ತೈತಿ!"

ಅವನೇ ಗುಂಡಣ್ಣ. ಹುಬ್ಬಳ್ಳಿ ಕಡೆಯವನು, ಕಳವಾ ಎಂಬ ಊರಿನಲ್ಲಿ ಗ್ಯಾರೇಜು ಇಟ್ಟುಕೊಂಡವನು. ಎಂಜಿನ್ನು ತಣ್ಣಗಾಗುವವರೆಗೆ ಮಕ್ಕಳಿಗೆ ಒಗಟು ಹೇಳುತ್ತಾ ಕುಳಿತ. ಆಮೇಲೆ ಸ್ಪ್ಯಾನರು ಹಿಡಿದು ಒಂದೆರಡು ಬೋಲ್ಟು ಬಿಚ್ಚಿ, ಒಳಗಿನಿಂದ ಹಿತ್ತಾಳೆಯ ಒಂದು ಸಣ್ಣ ಬಿಲ್ಲೆಯಂಥದನ್ನು ಹೊರಗೆ ತೆಗೆದ. ಅದಕ್ಕೊಂದು ಸ್ಪ್ರಿಂಗು ಅಂಟಿಕೊಂಡಿತ್ತು.

"ಇದು ಥರ್ಮೋಸ್ಟ್ಯಾಟ್ ವಾಲ್ವ್ ರೀ ಸರ. ಎಂಜಿನ್ ಚೆಂದಗೆ ಬಿಸಿ ಆಗೂತನಕ ಇದು ಬಾಯಿ ಮುಚ್ಚಿಕೊಂಡು ಕುಂದರ್ತೈತಿ, ನೀರು ರೇಡಿಯೇಟರಿಗೆ ಹೋಗಾಕ ಬಿಡೂದಿಲ್ಲ. ಥಂಡಿ ದೇಶದ ಗಾಡಿಗೆ ಬೇಕು ಇಂಥಾದ್ದು. ನಮ್ಮ ಕಳವಾ ಊರಾಗ ಯಾಕ ಬೇಕ್ರಿ? ಇಲ್ಲಿ ಹೊರಗ ನಿಂತ್ರ ಮನಿಷ್ಯಾನ ಕುದೀತಾನ!"

ಎಲ್ಲರೂ ನಕ್ಕರು. ಅವನು ವಾಲ್ವನ್ನು ಜೇಬಿಗೆ ಹಾಕಿಕೊಂಡು, ಬೋಲ್ಟುಗಳನ್ನು ಬಿಗಿದು, ಅವುಗಳ ತಲೆಯ ಮೇಲೆ ಸಣ್ಣ ಬಾಟಲಿಯಿಂದ ಕೆಂಪು ಬಣ್ಣದ ಚುಕ್ಕೆ ಇಟ್ಟ. ಅದು ಅವನ ಹೆಂಡತಿ ರುಕ್ಮಿಣಿಯ ಉಗುರಿನ ಬಣ್ಣ. "ಇದು ನನ್ನ ಸಹಿ. ಈ ಚುಕ್ಕಿ ಇದ್ದಲ್ಲಿ ಬ್ಯಾರೆಯವರು ಕೈ ಹಾಕಿಲ್ಲ ಅಂತ ತಿಳೀರಿ" ಎಂದ. ಬಸ್ಸು ಟಿಟವಾಳಾದ ಗಣಪತಿಯ ದರ್ಶನ ಮಾಡಿಸಿ, ಸಂಜೆ ಒಂದು ಹನಿ ನೀರು ಕೇಳದೆ ಮನೆಗೆ ಬಂದಿತು. ಅಂದಿನಿಂದ ನಮ್ಮವರ ಯಾವ ಗಾಡಿ ಕೆಟ್ಟರೂ ಕಳವಾ ಊರಿನ ದಾರಿ ಹಿಡಿಯತೊಡಗಿತು.

ಹಾಗೆ ತೆಗೆದ ವಾಲ್ವುಗಳನ್ನು ಅವನು ಎಸೆಯುತ್ತಿರಲಿಲ್ಲ. ರೈಲ್ವೆ ಕಾರ್‌ಶೆಡ್ಡಿನ ಗೋಡೆಗೆ ಬೆನ್ನು ಕೊಟ್ಟಂತಿದ್ದ ಅವನ ಗ್ಯಾರೇಜಿನ ಹಲಗೆಯ ಮೇಲೆ ತುಪ್ಪದ ಡಬ್ಬಿಯೊಂದಿತ್ತು. ವಾಲ್ವು ಅದರೊಳಗೆ ಠಣ್ಣೆಂದು ಬೀಳುತ್ತಿತ್ತು. ಈ ಕಡೆಯ ಮೆಕ್ಯಾನಿಕರೆಲ್ಲ ಮಾಡುತ್ತಿದ್ದುದೂ ಅದನ್ನೇ. ಟ್ರಾಫಿಕ್ಕಿನಲ್ಲಿ ಕುದಿದ ಗಾಡಿ ಬಂದರೆ ಮೊದಲು ವಾಲ್ವು ತೆಗೆ, ಆಮೇಲೆ ಮಾತಾಡು ಎಂಬುದು ಅವರ ರೂಢಿ. ಗಾಡಿಯೊಳಗೆ ಬಿಸಿಗಾಳಿ ಊದುವ ಹೀಟರಿಗೂ ಇದೇ ಎಂಜಿನ್ನಿನ ಬಿಸಿನೀರು ಬರುತ್ತದೆಂಬುದು ಯಾರಿಗೂ ತಿಳಿಯದ ಸಂಗತಿಯಲ್ಲ. ಆದರೆ ಠಾಣೆ ಜಿಲ್ಲೆಯ ಸೆಕೆಯಲ್ಲಿ ಹೀಟರಿನ ಗುಂಡಿ ಯಾರು ತಿರುಗಿಸುತ್ತಾರೆ?

ಗಿರಾಕಿಗಳಲ್ಲಿ ಗುಂಡಣ್ಣನಿಗೆ ಬಹಳ ಬೇಕಾದವನಾಗಿದ್ದವನು ವಸಂತಕುಮಾರ. ಉಡುಪಿಯ ಕಡೆಯವನು, ಕಲ್ಯಾಣದಲ್ಲಿ ಮನೆ. ಒಂದು ಪಿಕಪ್ ಇಟ್ಟುಕೊಂಡು, ಮಾಳಶೇಜ್ ಘಾಟಿ ಹತ್ತಿ ಓತೂರಿನ ಸಂತೆಯಿಂದ ಟೊಮೆಟೊ, ಕೊತ್ತಂಬರಿ, ಹೂಕೋಸು ತಂದು ಠಾಣೆ, ಡೊಂಬಿವಲಿಯ ಉಡುಪಿ ಹೋಟೆಲುಗಳಿಗೆ ಹಾಕುತ್ತಿದ್ದ. ಗಾಡಿ ಸರ್ವಿಸಿಗೆ ಬಿಟ್ಟ ದಿನ ಅವನ ಹೆಂಡತಿ ಉಮಾವತಿ ಕಳಿಸುತ್ತಿದ್ದ ನೀರುದೋಸೆಯ ಡಬ್ಬಿಗಾಗಿ ಗುಂಡಣ್ಣ ಕಾದು ಕುಳಿತಿರುತ್ತಿದ್ದ. ಗಣಪತಿ ಹಬ್ಬಕ್ಕೆ ಅವರ ಮನೆಯಲ್ಲಿ ಅವನಿಗೊಂದು ಎಲೆ ಕಾಯಂ.

ಆ ವಸಂತಕುಮಾರ ಒಂದು ಶ್ರಾವಣದ ಬೆಳಗಿನ ಜಾವ ಘಾಟಿ ಇಳಿಯುತ್ತಿದ್ದಾಗ ಗಾಡಿ ಬಂಡೆಯ ಗೋಡೆಗೆ ಬಡಿದು ತೀರಿಕೊಂಡ. ಮಳೆ, ಮಂಜು, ಒದ್ದೆ ರಸ್ತೆ. ನಿದ್ದೆ ಹತ್ತಿರಬೇಕು ಎಂದು ನೋಡಿದವರು ಹೇಳಿದರು. ಪಂಚನಾಮೆಯಲ್ಲಿಯೂ ಹಾಗೆಯೇ ಬರೆದರು. ಗಾಡಿಯನ್ನು ತರಲು ಹೋದವರಲ್ಲಿ ಗುಂಡಣ್ಣನೂ ಇದ್ದ.

ಅನಂತರ ವರ್ಷಗಳು ಕಳೆದವು. ಉಮಾವತಿ ಎದೆಗುಂದಲಿಲ್ಲ. ಗಾಡಿಯ ಮೂತಿಯನ್ನು ಮನೆಗೆ ಹತ್ತಿರವೆಂದು ಕಲ್ಯಾಣದಲ್ಲೇ ನೆಟ್ಟಗೆ ಮಾಡಿಸಿ, ಡ್ರೈವರುಗಳನ್ನು ಇಟ್ಟು ವ್ಯಾಪಾರ ನಡೆಸಿದಳು. ಆದರೆ ಡ್ರೈವರುಗಳು ನಿಲ್ಲುತ್ತಿರಲಿಲ್ಲ. ಮಳೆಗಾಲ ಬಂತೆಂದರೆ ಒಬ್ಬೊಬ್ಬನೇ ಬೀಗದ ಕೈ ಮೇಜಿನ ಮೇಲಿಟ್ಟು ಹೋಗುತ್ತಿದ್ದ. ಮನೀಶನೆಂಬವನು ಮಾತ್ರ ಕಾರಣ ಹೇಳಿದ. ಘಾಟಿ ಹತ್ತುವಾಗ ಗಾಜಿನ ಮಂಜು ಕರಗಿಸಲು ಹೀಟರ್ ಹಾಕಿದರೆ ಬೆಚ್ಚನೆಯ ಗಾಳಿ ಬರುತ್ತದೆ. ಇಳಿಯುವಾಗ, ಸೇಠ್ ತೀರಿಕೊಂಡ ಆ ತಿರುವು ಹತ್ತಿರ ಬರುತ್ತಿದ್ದಂತೆ ಅದೇ ಗಾಳಿ ಹೆಣದ ಕೈಯಷ್ಟು ತಣ್ಣಗಾಗುತ್ತದೆ. "ಸೇಠ್ ಪಕ್ಕದಲ್ಲೇ ಕೂತಿರ್ತಾರೆ, ಬಾಯಿಜೀ" ಎಂದು ಅವನು ಕೈಮುಗಿದು ಹೋದ.

ಕೊನೆಗೆ ಮಗ ಸುಜನನೇ ಸ್ಟಿಯರಿಂಗು ಹಿಡಿದ. ಅಪ್ಪ ಹೋದಾಗ ಶಾಲೆಯಲ್ಲಿದ್ದ ಹುಡುಗ ಈಗ ಗಡ್ಡ ಬಿಟ್ಟ ಯುವಕ. ಈ ಸಲದ ಜೂನ್ ಕೊನೆಯಲ್ಲಿ ಅವನು ಪಿಕಪ್ಪನ್ನು ಕಳವಾಕ್ಕೆ ತಂದು ನಿಲ್ಲಿಸಿದ. ಜೊತೆಗೆ ಉಮಾವತಿಯೂ ಇದ್ದಳು.

"ಅಂಕಲ್, ಹೀಟರ್ ಠಂಡಾ ಮಾರ್ತಾ ಹೈ," ಎಂದ ಸುಜನ. ಅವನಿಗೆ ಕನ್ನಡ ಅರ್ಥವಾಗುತ್ತದೆ. ಬಾಯಿಗೆ ಬರುವುದು ಹಿಂದಿ. "ಕಾಚ್ ಪೂರಾ ಧುಂದ್. ಕುಛ್ ದಿಖ್ತಾ ನಹೀಂ."

"ಹೀಟರಿನಲ್ಲಿ ತಣ್ಣನೆ ಗಾಳಿ ಬರ್ತದಂತೆ, ಗಾಜು ಮಂಜು ಹಿಡೀತದಂತೆ," ಉಮಾವತಿ ಬಿಡಿಸಿ ಹೇಳಿದಳು. "ಒಂದು ಕೈಯಲ್ಲಿ ಒರಸೂದು, ಒಂದು ಕೈಯಲ್ಲಿ ಓಡಿಸೂದು. ನನಗೆ ಹೆದರಿಕೆ ಆಗ್ತದೆ ಮಾರಾಯ್ರೆ."

ಗುಂಡಣ್ಣ ಬಾನೆಟ್ಟು ಎತ್ತಿದ. ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದ, ಕೂಲಂಟಿನ ನೀರು ತುಂಬಿತ್ತು. ಬ್ಲೋವರಿನ ಗಾಳಿ ಜೋರಾಗಿಯೇ ಇತ್ತು. ಎಂಜಿನ್ನು ಚಾಲೂ ಮಾಡಿ, ಹೀಟರಿಗೆ ಹೋಗುವ ಮತ್ತು ಬರುವ ಎರಡೂ ರಬ್ಬರ್ ಪೈಪುಗಳನ್ನು ಮುಟ್ಟಿ ನೋಡಿದ. ಒಂದು ಬಿಸಿ, ಒಂದು ತಣ್ಣಗೆ ಇದ್ದರೆ ಒಳಗೆ ಕಸ ಕಟ್ಟಿದೆ ಎಂದರ್ಥ. ಎರಡೂ ಸಮನಾಗಿ ಬಿಸಿಯಾಗಿದ್ದವು. ಸ್ವಲ್ಪ ಹೊತ್ತಿಗೆ ಡ್ಯಾಶ್‌ಬೋರ್ಡಿನ ಸಂದುಗಳಿಂದ ಬಿಸಿಗಾಳಿ ಹರಿದು ಬಂತು.

"ಬರ್ತೈತಲ್ಲೋ ತಮ್ಮಾ! ಒಲಿ ಮುಂದ ಕುಂತಂಗ ಆಗೇತಿ."

"ಇಧರ್ ಗರಮ್, ಅಂಕಲ್. ಉಧರ್ ಠಂಡಾ." ಸುಜನ ಘಾಟಿಯ ದಿಕ್ಕಿಗೆ ಕೈ ತೋರಿಸಿ, ತಾಯಿಗೆ ಕೇಳಿಸದಂತೆ ಕನ್ನಡದಲ್ಲಿಯೇ ಹೇಳಿದ: "ಪಪ್ಪ ಬರ್ತಾರೆ."

ಗುಂಡಣ್ಣ ಅವನ ಬೆನ್ನಿಗೊಂದು ಗುದ್ದು ಕೊಟ್ಟು ನಕ್ಕ. ಮತ್ತೆ ಬಾನೆಟ್ಟಿನೊಳಗೆ ಬಗ್ಗಿದಾಗ ಅವನ ಕಣ್ಣು ಒಂದು ಕಡೆ ನಿಂತಿತು. ಥರ್ಮೋಸ್ಟ್ಯಾಟಿನ ಮುಚ್ಚಳದ ಬೋಲ್ಟುಗಳ ಮೇಲೆ, ಎಣ್ಣೆ ಜಿಡ್ಡಿನ ಕೆಳಗೆ, ಮಾಸಿದ ಕೆಂಪು ಚುಕ್ಕೆಗಳಿದ್ದವು.

ಅವನು ಕಣ್ಣು ಬೇರೆ ಕಡೆ ತಿರುಗಿಸಿದ. ಏಕೆಂದು ಅವನಿಗೇ ಹೇಳಲು ಬರುತ್ತಿರಲಿಲ್ಲ. ಪೈಪು ಹಳೆಯದಾಗಿದೆ, ಬದಲಾಯಿಸೋಣ ಎಂದ. ಹೀಟರಿನೊಳಗೆ ನೀರು ಬಿಟ್ಟು ತೊಳೆದ. ಮಾಡಬೇಕಾದ ಎಲ್ಲವನ್ನೂ ಮಾಡಿದ, ಆ ಎರಡು ಬೋಲ್ಟುಗಳನ್ನು ಮಾತ್ರ ಮುಟ್ಟಲಿಲ್ಲ.

ಸುಜನ ಚಹಾ ತರಲು ಹೋದಾಗ ಉಮಾವತಿ ಹತ್ತಿರ ಬಂದಳು.

"ಗುಂಡಣ್ಣ, ಒಂದು ಮಾತು ಹೇಳ್ತೇನೆ, ನಗಾಡಬೇಡಿ. ಹೀಟರ್ ಸರಿ ಮಾಡ್ಬೇಡಿ. ಆಗೂದಿಲ್ಲ ಅಂತ ಅವನಿಗೆ ಹೇಳಿ. ಈ ಗಾಡಿ ಬಿಟ್ಟು ಬೇರೆ ಕೆಲಸ ಹುಡುಕ್ಲಿ ಅವ."

"ಅಲ್ರೀ ಅಕ್ಕಾರ, ಗಾಡಿ ಮಾರಿಬಿಡ್ರಿ ಮತ್ತ."

"ಮಾರ್ಲಿಕ್ಕೆ ಆಗೂದಿಲ್ಲ." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಅವರು ತೀರಿಹೋದ ಹಿಂದಿನ ರಾತ್ರಿ ಐರೋಲಿಯಲ್ಲಿ ಮದುವೆ ಮುಗಿಸಿ ಬಂದಿದ್ದೆವು. ಕಣ್ಣು ಎಳೀತಾ ಉಂಟು, ಇವತ್ತು ಬೇಡ ಅಂದಿದ್ರು. ನಾನೇ, ಹೋಟೆಲಿನವರು ಬೈತಾರೆ, ಹೋಗಿ ಬನ್ನಿ ಅಂತ ಎಬ್ಬಿಸಿ ಕಳಿಸಿದ್ದು. ನಿದ್ದೆಗಣ್ಣಲ್ಲಿ ಕಳಿಸಿದೆ ಅವರನ್ನು. ಕಳೆದ ವರ್ಷ ನಾನೂ ಒಮ್ಮೆ ಹೋದೆ ಆ ದಾರಿಯಲ್ಲಿ. ಆ ಗಾಳಿ ನನ್ನ ಕೈಗೂ ತಾಗಿತು. ಅವರಿಗೆ ನನ್ನ ಮೇಲೆ ಸಿಟ್ಟು ಇಳಿದಿಲ್ಲ. ಅಲ್ಲಿ ಹೋಗಿ ತಪ್ಪಾಯ್ತು ಅಂತ ಹೇಳ್ಳಿಕ್ಕಾದರೂ ಗಾಡಿ ಬೇಕಲ್ಲ?"

ಅಷ್ಟರಲ್ಲಿ ಚಹಾ ಬಂತು. ಗುಂಡಣ್ಣನ ಗ್ಲಾಸು ಆರಿ ಕೆನೆ ಕಟ್ಟಿತು, ಅವನು ಕುಡಿಯಲಿಲ್ಲ. ಕಾರ್‌ಶೆಡ್ಡಿನಲ್ಲಿ ಖಾಲಿ ಲೋಕಲ್ ರೈಲೊಂದು ಕೀರಲು ದನಿ ಮಾಡುತ್ತ ಒಳಗೆ ಸರಿಯುತ್ತಿತ್ತು. ಅದು ನಿಂತ ಮೇಲೆ ಅವನು ಹೇಳಿದ: "ನಾನೂ ಬರ್ತೀನ್ರಿ. ಕುಂತು ನೋಡ್ತೀನಿ."

ಅದೇ ವಾರ ಮೂವರೂ ಹೊರಟರು. ಸುಜನ ಓಡಿಸುತ್ತಿದ್ದ, ನಡುವೆ ಗುಂಡಣ್ಣ, ಕಿಟಕಿಯ ಕಡೆ ಉಮಾವತಿ. ಮುರಬಾಡ ದಾಟಿದ ಮೇಲೆ ಮಳೆ ಹಿಡಿಯಿತು. ಘಾಟಿ ಹತ್ತುವಾಗ ಎಂಜಿನ್ನು ಏದುಸಿರು ಬಿಡುತ್ತಿತ್ತು. ಹೀಟರು ಕಾಲಿಗೂ ಗಾಜಿಗೂ ಬೆಚ್ಚಗೆ ಊದುತ್ತಿತ್ತು. ರಜೆಯ ಹುಡುಗರು ಜಲಪಾತಗಳ ಕೆಳಗೆ ಕುಣಿಯುತ್ತಿದ್ದರು. ಓತೂರಿನಲ್ಲಿ ತರಕಾರಿ ತುಂಬಿಕೊಂಡು, ಊಟ ಮುಗಿಸಿ, ಮಧ್ಯಾಹ್ನ ಹಿಂದಿರುಗಿದರು.

ಇಳಿಜಾರು ಶುರುವಾದಲ್ಲಿ ಮಂಜು ರಸ್ತೆಯನ್ನೇ ನುಂಗಿಬಿಟ್ಟಿತ್ತು. ಮಧ್ಯಾಹ್ನವೆಂದು ಹೇಳುವಂತಿರಲಿಲ್ಲ. ಸುಜನ ಸಣ್ಣ ಗೇರಿಗೆ ಹಾಕಿ, ಕಾಲನ್ನು ಎಕ್ಸಲರೇಟರಿನಿಂದ ತೆಗೆದು, ಗಾಡಿಯನ್ನು ಅದರ ಭಾರಕ್ಕೇ ಬಿಟ್ಟ. ಗುಂಡಣ್ಣ ಗಾಳಿಯ ಸಂದಿಗೆ ಅಂಗೈ ಒಡ್ಡಿ ಕುಳಿತಿದ್ದ.

ಮೊದಲು ಬಿಸಿ ಹೋಗಿ ಉಗುರುಬೆಚ್ಚಗಾಯಿತು. ಆ ತಿರುವು ಸಮೀಪಿಸುತ್ತಿದ್ದಂತೆ ಅದೂ ಹೋಯಿತು. ಯಾರೋ ಒದ್ದೆ ಅಂಗೈಯನ್ನು ತನ್ನ ಅಂಗೈಯ ಮೇಲೆ ಮೆಲ್ಲಗೆ ಇಟ್ಟಂತೆ ತಣ್ಣನೆಯ ಗಾಳಿ ಬಂತು. ಮುಂದಿನ ಗಾಜು ಅಂಚಿನಿಂದ ಬೆಳ್ಳಗಾಗುತ್ತ ನಡುವಿಗೆ ಮುಚ್ಚಿಕೊಂಡಿತು. ಸುಜನ ಬಟ್ಟೆಯಿಂದ ಒರಸಿದ. ಒರಸಿದಲ್ಲೇ ಮತ್ತೆ ಕಟ್ಟಿತು. ಉಮಾವತಿ ಕಣ್ಣು ಮುಚ್ಚಿ ತುಳುವಿನಲ್ಲಿ ಏನೋ ಪಿಸುಗುಡುತ್ತಿದ್ದಳು. ಎದುರಿಗೆ ಬಂದ ಬಸ್ಸಿನ ಬೆಳಕು ಹಳದಿ ಹೊಗೆಯಂತೆ ಹರಡಿತು. ಸುಜನ ಬಟ್ಟೆ ಬಿಸಾಕಿ ಬರಿಗೈಯಿಂದ ಗಾಜು ಉಜ್ಜಿದ. ಬೆರಳುಗಳ ಉದ್ದುದ್ದ ಗೆರೆ ಗಾಜಿನ ಮೇಲೆ ಮೂಡಿತು.

ಗುಂಡಣ್ಣ ಆ ಗೆರೆಗಳನ್ನೇ ನೋಡಿದ. ಅಂಥವೇ ಗೆರೆಗಳನ್ನು ಅವನು ಹಿಂದೆ ನೋಡಿದ್ದ. ನುಜ್ಜಾದ ಗಾಡಿಯನ್ನು ಕ್ರೇನಿನಿಂದ ಇಳಿಸಿದ ದಿನ, ಒಂದು ಬದಿ ಒಡೆದಿದ್ದ ಗಾಜಿನ ಉಳಿದ ಭಾಗದ ಮೇಲೆ, ಒಳಗಡೆಯಿಂದ. ಅಂದು ಅವನಿಗೆ ಅವುಗಳ ಅರ್ಥವಾಗಿರಲಿಲ್ಲ.

ಅವನು ಮೀಟರಿನ ಕಡೆ ನೋಡಿದ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಳಗೆ ಬಿದ್ದು ಮಲಗಿತ್ತು.

"ಕೆಳಗ ಎಲ್ಲ್ಯಾರ ನಿಂದರಸೋ ತಮ್ಮಾ," ಎಂದ.

ಟೋಕಾವಡೆಯ ಒಂದು ಚಹಾದಂಗಡಿಯ ಮುಂದೆ ಗಾಡಿ ನಿಂತಿತು. ಸುಜನ ವಡಾಪಾವ್ ಹೇಳಿದ. ಗುಂಡಣ್ಣ ಮಳೆಯಲ್ಲಿಯೇ ಬಾನೆಟ್ಟು ಎತ್ತಿ, ಆ ಕೆಂಪು ಚುಕ್ಕೆಯ ಬೋಲ್ಟುಗಳಿಗೆ ಸ್ಪ್ಯಾನರು ಹಾಕಿದ. ಎಂಜಿನ್ನು ಆರಲು ಕಾಯಬೇಕಾದ್ದೇ ಇರಲಿಲ್ಲ. ಮುಚ್ಚಳ ಬಂತು. ಒಳಗೆ ವಾಲ್ವು ಕೂರುವ ಜಾಗ ಬರಿದಾಗಿತ್ತು. ಹಲ್ಲು ಬಿದ್ದ ಒಸಡಿನಂತೆ.

ಅಪಘಾತವಾದ ವರ್ಷದ ಎಪ್ರಿಲ್ಲಿನಲ್ಲಿ ವಸಂತಕುಮಾರ ಗಾಡಿ ಕುದಿಯುತ್ತದೆಂದು ಬಂದಿದ್ದ. ಗುಂಡಣ್ಣ ನೀರುದೋಸೆ ತಿನ್ನುತ್ತಲೇ ಬೋಲ್ಟು ಬಿಚ್ಚಿದ್ದ. ಠಣ್ಣೆಂದು ಡಬ್ಬಿಗೆ ಹಾಕಿದ್ದ. ಘಾಟಿಯ ನೆನಪು ಇಬ್ಬರಿಗೂ ಬಂದಿರಲಿಲ್ಲ.

ಅವನು ಮುಚ್ಚಳವನ್ನೂ ಬೋಲ್ಟುಗಳನ್ನೂ ಕೈಯಲ್ಲಿ ಹಿಡಿದುಕೊಂಡೇ ಬೆಂಚಿನ ಹತ್ತಿರ ಬಂದ.

"ಅಕ್ಕಾರ, ಗಾಡಿಯಾಗ ಯಾರೂ ಬರೂದಿಲ್ರಿ," ಎಂದ. "ಎಂಜಿನ್ನಿನ ಬಿಸಿ ಹಿಡದಿಡೂ ವಾಲ್ವ್ ಒಂದಿರ್ತೈತಿ. ಅದು ಈ ಗಾಡಿಯಾಗ ಇಲ್ಲ. ಹತ್ತೂಮುಂದ ಎಂಜಿನ್ ದುಡೀತೈತಿ, ಬಿಸಿ ಇರ್ತೈತಿ. ಇಳಿಯೂಮುಂದ ಅದಕ್ಕ ಕೆಲಸಿಲ್ಲ. ಥಂಡಿ ಗಾಳಿಗೆ ನೀರೆಲ್ಲಾ ಆರಿಬಿಡ್ತೈತಿ. ಆರಿದ ನೀರಿಂದ ಹೀಟರ್ ಏನು ಬಿಸಿ ಕೊಟ್ಟೀತು? ಬಿಸಿಗಾಳಿ ಇಲ್ಲಂದ್ರ ಗಾಜು ಮಂಜು ಹಿಡೀತೈತಿ. ಆ ತಿರುವು ಬರೂದ್ರಾಗ ಪೂರ್ತಿ ತಣ್ಣಗಾಗ್ತೈತಿ. ದಿನಾ ಅಲ್ಲೇ."

ಉಮಾವತಿ ಅವನ ಮುಖ ನೋಡಿದಳು. "ವಾಲ್ವ್ ಎಲ್ಲಿ ಹೋಯಿತು?"

ಇಲ್ಲಿ ಅವನು ಯಾವುದಾದರೊಂದು ಮಾತು ಹೇಳಿ ಪಾರಾಗಬಹುದಿತ್ತು. ಸವೆದು ಹೋಯಿತೆನ್ನಬಹುದಿತ್ತು, ಅಪಘಾತದ ಮೇಲೆ ರಿಪೇರಿ ಮಾಡಿದ ಕಲ್ಯಾಣದವರ ಮೇಲೆ ಹಾಕಬಹುದಿತ್ತು. ಕೈಯಲ್ಲಿದ್ದ ಬೋಲ್ಟಿನ ಮೇಲಿನ ಚುಕ್ಕೆ ಮಳೆಗೆ ತೊಳೆದು ಕೆಂಪಗೆ ಹೊಳೆಯುತ್ತಿತ್ತು.

"ನಾನ ತಗದಿದ್ದೆ. ಅವರು ತೀರಿಕೊಂಡ ವರ್ಷ, ಬ್ಯಾಸಗಿಯೊಳಗ."

ಸುಜನನ ಕೈಯಲ್ಲಿದ್ದ ವಡಾಪಾವ್ ಹಾಗೆಯೇ ನಿಂತಿತು. ಅಂಗಡಿಯವನು ಎಣ್ಣೆಗೆ ಇನ್ನೊಂದು ಸರ್ತಿ ವಡೆ ಬಿಟ್ಟ. ಅದು ಚೊಯ್ಯೆಂದಿತು.

"ಇನ್ನೊಂದು ಐತ್ರಿ," ಗುಂಡಣ್ಣ ನೆಲ ನೋಡುತ್ತ ಮುಂದುವರಿಸಿದ. "ಆವತ್ತು ಒಡದ ಗಾಜಿನ ಒಳಗಡೆ ಕೈ ಉಜ್ಜಿದ ಗೆರಿ ಇದ್ದವು. ಈಗ ಇವ ಉಜ್ಜಿದನಲ್ಲ, ಹಂಗ. ನಿದ್ದಿ ಹತ್ತಿದವ ಗಾಜು ಒರಸ್ತಾನೇನ್ರಿ? ಅವ ಎಚ್ಚರ ಇದ್ದ. ಕಡೀತನಕ ನೋಡಾಕ ಒದ್ದಾಡ್ಯಾನ. ನೀವು ಎಬ್ಬಿಸಿ ಕಳಿಸಿದ್ದಕ್ಕ ಅಲ್ರಿ ಅಕ್ಕಾರ."

"ನಿದ್ದೆ ಮಾಡಿರ್ಲಿಲ್ಲ ಅವರು," ಎಂದಳು ಉಮಾವತಿ, ತನಗೆ ತಾನೇ. ಮತ್ತೊಮ್ಮೆ ಅದನ್ನೇ ಹೇಳಿದಳು. ಇಷ್ಟು ವರ್ಷ ಬಿಗಿದುಕೊಂಡಿದ್ದ ಅವಳ ಭುಜಗಳು ಸಡಿಲಗೊಂಡುದನ್ನು ಗುಂಡಣ್ಣ ಕಂಡ. ಅವಳು ಅಳುತ್ತಿದ್ದಳು, ಆ ಅಳುವಿನಲ್ಲಿ ಒಂದು ಹಗುರತನವಿತ್ತು. ಅದು ಮುಗಿದ ಮೇಲೆ ಅವಳು ಮುಖ ಒರಸಿಕೊಂಡು ಅವನ ಕಡೆ ತಿರುಗಿದಳು.

"ಪ್ರತಿ ಚೌತಿಗೆ ಬಂದು ನಮ್ಮನೆಯಲ್ಲಿ ಉಂಡಿರಿ ನೀವು."

"ನನಗ ತಿಳಿದಿರಲಿಲ್ರಿ."

"ಗೊತ್ತು. ಅದಕ್ಕೇ ಏನು ಹೇಳೂದು ಅಂತ ತೋಚೂದಿಲ್ಲ." ಅವಳು ಎದ್ದಳು. "ಆ ವಾಲ್ವ್ ಹಾಕಿ. ಆಮೇಲೆ ಮಾತು."

ಮರುದಿನ ಗುಂಡಣ್ಣ ಕಲ್ಯಾಣದಿಂದ ಹೊಸ ವಾಲ್ವು ತಂದ. ಹಾಕುವ ಮೊದಲು ಅದನ್ನು ದಾರಕ್ಕೆ ಕಟ್ಟಿ, ಒಲೆಯ ಮೇಲಿನ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ನೋಡಿದ. ನೀರು ಸುಡುವಷ್ಟು ಕಾದಾಗ ವಾಲ್ವು ಮೆಲ್ಲಗೆ ಬಾಯಿ ತೆರೆಯಿತು, ನೀರು ಆರಿದಾಗ ಮುಚ್ಚಿತು. ಗಾಡಿ ಮೊದಲು ಕುದಿಯುತ್ತಿದ್ದುದಕ್ಕೆ ಅಪಘಾತದಲ್ಲಿ ಉಳಿದುಕೊಂಡಿದ್ದ ಹಳೆಯ ರೇಡಿಯೇಟರಿನ ಕಸವೇ ಕಾರಣವೆಂದು ಆಗ ತಿಳಿಯಿತು, ಅದನ್ನೂ ತೊಳೆದ. ಮಾಡಬೇಕಾಗಿದ್ದುದು ಆವತ್ತೂ ಅಷ್ಟೇ ಆಗಿತ್ತು.

ಮುಂದಿನ ಸಲ ಘಾಟಿ ಇಳಿಯುವಾಗ ಉಮಾವತಿ ಜೊತೆಗಿದ್ದಳೆಂದು ಸುಜನ ಹೇಳಿದ. ಆ ತಿರುವಿನಲ್ಲಿಯೂ ಗಾಳಿ ಬಿಸಿಯಾಗಿಯೇ ಇತ್ತಂತೆ, ಗಾಜು ತಿಳಿಯಾಗಿತ್ತಂತೆ. ಅವಳು ಸಂದಿಗೆ ಕೈಯಿಟ್ಟುಕೊಂಡು ಕುಳಿತಿದ್ದವಳು, ತಿರುವು ದಾಟಿದ ಮೇಲೆ "ಹೋದರು" ಎಂದಳಂತೆ. ಆಮೇಲೆ ಕಲ್ಯಾಣದವರೆಗೆ ಕೈ ತೆಗೆಯಲಿಲ್ಲವಂತೆ.

ಆದರೆ ಹೋದದ್ದು ಎಲ್ಲಿಗೂ ದೂರ ಹೋಗಲಿಲ್ಲ. ಈಗ ಗುಂಡಣ್ಣನ ಬಲಗೈಯ ಅಂಗೈ ನಟ್ಟನಡು ಹಗಲಿನಲ್ಲಿ, ಕಳವಾ ಊರಿನ ಸೆಕೆಯಲ್ಲಿ, ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ. ರುಕ್ಮಿಣಿ ಅದನ್ನು ತನ್ನ ಎರಡೂ ಕೈಗಳ ನಡುವೆ ತಿಕ್ಕುತ್ತಾಳೆ. "ಏನೂ ಇಲ್ಲ, ಬೆಚ್ಚಗೇ ಐತಿ" ಎನ್ನುತ್ತಾಳೆ. ಅವನಿಗೆ ಹಾಗನ್ನಿಸುವುದಿಲ್ಲ.

ಅವನನ್ನು ಹೆಚ್ಚು ಕಾಡುವುದು ಹಲಗೆಯ ಮೇಲಿನ ಆ ತುಪ್ಪದ ಡಬ್ಬಿ. ಅದರೊಳಗಿನ ಒಂದೊಂದು ವಾಲ್ವಿಗೂ ಒಂದೊಂದು ಗಾಡಿಯಿದೆ. ಒಂದೊಂದು ಗಾಡಿಯೂ ಎಲ್ಲೋ ಒಂದು ಘಾಟಿ ಇಳಿಯುತ್ತಿರಬಹುದು. ಯಾವುದು ಯಾವುದೆಂದು ಅವನಿಗೆ ನೆನಪಿಲ್ಲ. ಈಗ ಯಾರಾದರೂ "ಗಾಡಿ ಕುದೀತದೆ, ವಾಲ್ವ್ ತೆಗೆದುಬಿಡು" ಎಂದರೆ ಜಗಳಕ್ಕೇ ನಿಲ್ಲುತ್ತಾನೆ. ಪಕ್ಕದ ಗ್ಯಾರೇಜಿನ ವಿಠಲ, "ಏನೋ ಗುಂಡ್ಯಾ, ಕಾಶ್ಮೀರದಾಗ ಅಂಗಡಿ ತಗದಿಯೇನು?" ಎಂದು ಗೇಲಿ ಮಾಡುತ್ತಾನೆ. ಗುಂಡಣ್ಣ ನಗುವುದಿಲ್ಲ.

ಈ ಸಲದ ಚೌತಿಗೆ ಕಲ್ಯಾಣದಿಂದ ಕರೆ ಬರಲಿಲ್ಲ. ಹಬ್ಬದ ಮರುದಿನ ಸುಜನ ಗ್ಯಾರೇಜಿನ ಮುಂದೆ ಪಿಕಪ್ ನಿಲ್ಲಿಸಿ, ಒಂದು ಡಬ್ಬಿ ಹಲಗೆಯ ಮೇಲಿಟ್ಟು, "ಮಮ್ಮೀನೇ ದಿಯಾ", ಅಮ್ಮ ಕೊಟ್ಟದ್ದು, ಎಂದಷ್ಟೇ ಹೇಳಿ ಹೋದ. ಒಳಗೆ ನೀರುದೋಸೆಯಿತ್ತು. ಗುಂಡಣ್ಣ ಅದನ್ನು ರುಕ್ಮಿಣಿಗೆ ಕೊಟ್ಟ. ತಾನು ತಿನ್ನಲಿಲ್ಲ, ಡಬ್ಬಿಯನ್ನು ತೊಳೆದು ಒರಸಿ ಇಟ್ಟಿದ್ದಾನೆ, ಹಿಂದಿರುಗಿಸಲು ಹೋಗುವ ಧೈರ್ಯ ಇನ್ನೂ ಬಂದಿಲ್ಲ.

ಈಗ ಅವನು ಬೆಳಗಿನ ಕೆಲಸ ಮುಗಿಸಿ ಸ್ಟೋವು ಹಚ್ಚುತ್ತಾನೆ. ತುಪ್ಪದ ಡಬ್ಬಿಯಿಂದ ಒಂದು ಹಳೆಯ ವಾಲ್ವು ತೆಗೆದು, ದಾರ ಕಟ್ಟಿ, ನೀರಿಗಿಳಿಸಿ, ಬಗ್ಗಿ ನೋಡುತ್ತ ಕೂರುತ್ತಾನೆ. ಕೆಲವು ಬಾಯಿ ಬಿಡುವುದೇ ಇಲ್ಲ. ಅವನ್ನು ತೆಗೆದದ್ದು ಸರಿಯಿತ್ತು, ಹೊಸದು ಹಾಕಬೇಕಿತ್ತು ಅಷ್ಟೆ. ಹೆಚ್ಚಿನವು ಚೆನ್ನಾಗಿಯೇ ತೆರೆಯುತ್ತವೆ. ಹಾಗೆ ತೆರೆದಾಗಲೆಲ್ಲ ಅವನ ಮುಖ ಸಣ್ಣದಾಗುತ್ತದೆ. ಮಧ್ಯಾಹ್ನ ಹಾಗೆ ತೆರೆದವನ್ನು ಜೇಬಿಗೆ ಹಾಕಿಕೊಂಡು, ಸ್ಕೂಟರು ಹತ್ತಿ, ಘಾಟಿಯ ಕಡೆಯಿಂದ ತರಕಾರಿ ಬರುವ ತುರ್ಭೆಯ ಮಾರುಕಟ್ಟೆಗೆ ಹೋಗುತ್ತಾನೆ. ಅಲ್ಲಿ ಸಾಲಾಗಿ ನಿಂತ ಪಿಕಪ್ಪುಗಳ, ಟೆಂಪೋಗಳ ಡ್ರೈವರುಗಳನ್ನು ಎಬ್ಬಿಸಿ, "ಭಾಯಿ, ಜರಾ ಬಾನೆಟ್ ಖೋಲೋ, ಏನೂ ಕೊಡೂದು ಬ್ಯಾಡ" ಎಂದು ಬೇಡುತ್ತಾನೆ. ಕೆಲವರು ಬೈಯುತ್ತಾರೆ. ಕೆಲವರು ತಲೆಕೆಟ್ಟ ಮುದುಕನೆಂದು ನಕ್ಕು ತೆಗೆಯುತ್ತಾರೆ. ಅವನು ಟಾರ್ಚು ಹಿಡಿದು, ಎಣ್ಣೆ ಜಿಡ್ಡನ್ನು ಹೆಬ್ಬೆರಳಿನಿಂದ ಉಜ್ಜಿ, ಬೋಲ್ಟಿನ ಮೇಲೆ ಕೆಂಪು ಚುಕ್ಕೆಯಿದೆಯೇ ಎಂದು ಹುಡುಕುತ್ತಾನೆ.